14,000 ಕಿಲೋಮೀಟರ್ ಆಚೆಯ ಮಾಮ

ನನಗೆ ಇಬ್ಬರು ಮಾಮಂದಿರು. ದೊಡ್ಡವರು ದುಬೈಯಲ್ಲಿದ್ದಾರೆ, ಚಿಕ್ಕವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ವಿಮಾನದಲ್ಲಿ ನಾಲ್ಕು ಗಂಟೆ. ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ಈ ಎರಡು ಅಂಕಿಗಳ ಅಂತರ ನಮ್ಮ ಮನೆಗೆ ತಟ್ಟಿದ್ದು ಕಳೆದ ಡಿಸೆಂಬರಿನಲ್ಲಿ, ಅಜ್ಜಿ ತೀರಿಕೊಂಡ ದಿನ.

ಶುಕ್ರವಾರ ಬೆಳಗ್ಗೆ ಐದೂವರೆ. ಆ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ 13 ಗಂಟೆ 30 ನಿಮಿಷ ಹಿಂದೆ ಇರುತ್ತದೆ. ಅಂದರೆ ಚಿಕ್ಕ ಮಾಮನಿಗೆ ಸುದ್ದಿ ಮುಟ್ಟಿದಾಗ ಅಲ್ಲಿ ಗುರುವಾರ ಸಂಜೆ ನಾಲ್ಕು. ಶುಕ್ರವಾರ ತೀರಿಕೊಂಡ ತಾಯಿಯ ಸುದ್ದಿಯನ್ನು ಮಗ ಗುರುವಾರವೇ ಕೇಳಿದ!

ನಮ್ಮಲ್ಲಿ ಮಯ್ಯತ್ ಅನ್ನು ಹೆಚ್ಚು ಹೊತ್ತು ಇಡುವುದಿಲ್ಲ. ದೊಡ್ಡ ಮಾಮ ಸಿಕ್ಕಿದ ಮೊದಲ ವಿಮಾನ ಹತ್ತಿ, ಅಸರ್ ಜಮಾಅತ್ ನಿಲ್ಲುವ ಹೊತ್ತಿಗೆ ಊರು ಮುಟ್ಟಿದರು. ಚಿಕ್ಕವರಿಗಾಗಿ ಕಾಯಬೇಕೇ ಎಂಬ ಮಾತು ಬಂತು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಗಂಟೆಗೆ 900 ಕಿ.ಮೀ. ವೇಗವಾದರೆ 14,000ಕ್ಕೆ ಹದಿನೈದೂವರೆ ಗಂಟೆ. ಆದರೆ ವಿಮಾನ ನೂಲು ಹಿಡಿದಂತೆ ಹೋಗುವುದಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಒಮ್ಮೆ ತಳ್ಳುತ್ತದೆ, ಒಮ್ಮೆ ತಡೆಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾದ ಬೋಯಿಂಗ್ 777 ಅನ್ನು ಅಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ತಂದಾಗ, ಎಲ್ಲೂ ಇಳಿಯದೆಯೂ ಸುಮಾರು ಹದಿನೇಳು ಗಂಟೆ ಹಿಡಿದಿತ್ತು. ಟಿಕೆಟ್, ನಿಲ್ದಾಣದ ಕಾಯುವಿಕೆ, ಬೆಂಗಳೂರಿನಿಂದ ನಮ್ಮೂರಿನ ರಸ್ತೆ ಎಲ್ಲ ಸೇರಿಸಿದರೆ? ನಾನು ಕಾಗದ ಮಡಚಿಟ್ಟೆ. ಅಷ್ಟರಲ್ಲಿ ಮಾಮನೇ ಫೋನಿನಲ್ಲಿ, "ಅಮ್ಮನನ್ನು ಕಾಯಿಸಬೇಡಿ" ಎಂದುಬಿಟ್ಟಿದ್ದರು.

ಧ್ರುವದ ಮೇಲೆ ಯಾಕೆ ಎಂದು ಕೇಳುವವರು ಗೋಡೆಯ ನಕ್ಷೆ ಬಿಟ್ಟು, ಪ್ರಯೋಗಾಲಯದ ಗ್ಲೋಬಿನ ಮೇಲೆ ದಾರ ಹಿಡಿದು ನೋಡಿ. ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆದ ದಾರ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರಕ್ಕೆ ಏರಿ ಆರ್ಕ್‌ಟಿಕ್ ಬಳಸಿ ಇಳಿಯುತ್ತದೆ. ಕಿಬ್ಲಾದ ಲೆಕ್ಕವೂ ಇದೇ. ನಾವು ಪಶ್ಚಿಮಕ್ಕೆ ತುಸು ಉತ್ತರ ವಾಲಿ ನಿಲ್ಲುತ್ತೇವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಉತ್ತರದಿಂದ ಕೇವಲ 19 ಡಿಗ್ರಿ ಪೂರ್ವಕ್ಕೆ. ನಕ್ಷೆಯಲ್ಲಿ ಮಕ್ಕಾ ಅವರಿಗಿಂತ ಎಷ್ಟೋ ದಕ್ಷಿಣದಲ್ಲಿದೆ! ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಘಜ್ನಿಯ ಕಿಬ್ಲಾ ಕಂಡುಹಿಡಿಯಲು ಬಳಸಿದ ಗೋಳದ ತ್ರಿಕೋನಮಿತಿಯೇ ಇಂದು ವಿಮಾನಗಳಿಗೂ ದಾರಿ ಹೇಳುತ್ತದೆ. ನಮ್ಮ ಗಣಿತದ ಪುಸ್ತಕದಲ್ಲಿ ಇದಕ್ಕೊಂದು ಪುಟ ಇರಬೇಕಿತ್ತು ಅನಿಸುತ್ತದೆ.

ಚಿಕ್ಕ ಮಾಮ ನಡುವೆ ಒಂದು ಕಡೆ ವಿಮಾನ ಬದಲಿಸಿ ಭಾನುವಾರ ಬೆಳಗ್ಗೆ ಬಂದರು. ನೇರ ಖಬರಸ್ತಾನಕ್ಕೆ ಹೋದರು. ಮಣ್ಣು ಇನ್ನೂ ಹಸಿಯಾಗಿತ್ತು. ಆಮೇಲೆ ಹದಿನೈದು ದಿನವೂ ಅಜ್ಜಿಯ ಕೋಣೆಯಲ್ಲೇ ಮಲಗಿದರು. ರಾತ್ರಿಯಿಡೀ ದೀಪ ಉರಿಯುತ್ತಿತ್ತು. ಕೇಳಿದರೆ, "ದೇಹಕ್ಕೆ ಇನ್ನೂ ಅಲ್ಲಿನ ಹಗಲು" ಎನ್ನುತ್ತಿದ್ದರು. ಅಮ್ಮ ಅದನ್ನು ನಂಬಲಿಲ್ಲ.