ಮಳೆ ಬಣ್ಣ ಕೊಟ್ಟ ನಳಿಗೆ

ಕಕ್ಕಡ ತಿಂಗಳ ಮಳೆ ಕೊಡಗಿನಲ್ಲಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಮಡಿಕೇರಿಯಿಂದ ಮೂರ್ನಾಡು ದಾಟಿ ನಾಪೋಕ್ಲು ಕಡೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ನೋಡಿದೆ. ಗೇಟಿನ ಚಿಲಕ, ಬೇಲಿಯ ತಂತಿ, ಬಸ್ ತಂಗುದಾಣದ ಶೀಟು, ಎಲ್ಲಕ್ಕೂ ಕೆಂಪು ತುಕ್ಕು. ಜೀಪಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದ, ಗೆಳೆಯನ ಮನೆತನದ ಜೋಡುನಳಿಗೆ ಕೋವಿಯದೂ ಅದೇ ಪಾಡು. ಸೆಪ್ಟೆಂಬರ್ 3ರಂದು, ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ, ಅದು ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ದೀಪದ ಮುಂದೆ ನಿಲ್ಲಬೇಕಿತ್ತು. ಕೋವಿಗೆ ಪರವಾನಗಿ ಬೇಡವೆಂಬ ಕೊಡವರ ವಿನಾಯಿತಿ 1861ರಷ್ಟು ಹಳೆಯದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟುತ್ತಿದ್ದುದು ಹಾಗೆ.

ನಾವು ಹುಡುಕಿಕೊಂಡು ಹೋದ ಕೋವಿ ರಿಪೇರಿಯ ಮೇಸ್ತ್ರಿಗಳು ತಮ್ಮ ಕೊಟ್ಟಿಗೆಯಲ್ಲಿ ಅದನ್ನು ಬಿಚ್ಚಿದವರೇ ನಳಿಗೆಗಳನ್ನು ದಾರಕ್ಕೆ ಕಟ್ಟಿ ತೂಗಿಬಿಟ್ಟು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರು. ಗಂಟೆಯ ನಾದ! ಕೊಟ್ಟಿಗೆಯ ಹೆಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದನ್ನೂ ಮೀರಿ ಅದು ಉಳಿಯಿತು. “ಬೆಸುಗೆ ಬಿಟ್ಟಿಲ್ಲ” ಎಂದರು. ಎರಡು ನಳಿಗೆಗಳ ನಡುವಿನ ಪಟ್ಟಿ ಎಲ್ಲಾದರೂ ಸಡಿಲವಾಗಿದ್ದರೆ ನಾದ ಒಡೆದು ಗರಗರ ಎನ್ನುತ್ತದಂತೆ. ನಳಿಗೆಯ ಬುಡದಲ್ಲಿ ಕಿರೀಟದ ಮುದ್ರೆಯಿತ್ತು, 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್‌ನ ಕೋವಿ ಪರೀಕ್ಷಾಲಯದ್ದು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ನಾಟ್ ಫಾರ್ ಬಾಲ್’. ಬಾಯಿ ಕಿರಿದಾದ ನಳಿಗೆ, ಚರೆ ಮಾತ್ರ ಹಾರಿಸಿ, ಇಡೀ ಗುಂಡು ಬೇಡ ಎಂದರ್ಥ. ಆ ಮಾತನ್ನು ಒತ್ತುತ್ತಿದ್ದುದು 1875ರಿಂದ 1887ರವರೆಗೆ ಮಾತ್ರ. ಮೂರೇ ಪದಗಳಲ್ಲಿ ಕೋವಿ ತನ್ನ ವಯಸ್ಸು ಹೇಳಿಬಿಟ್ಟಿತು.

ಮುಂದಿನ ನಾಲ್ಕು ದಿನ ಬಿಟ್ಟೂ ಬಿಡದೆ ಅಲ್ಲಿಗೆ ಹೋದೆ. ಮೇಸ್ತ್ರಿಗಳು ಹಳೆಯ ತುಕ್ಕನ್ನೆಲ್ಲ ಉಜ್ಜಿ ತೆಗೆದು, ನಳಿಗೆಯ ಬಾಯಿಗಳಿಗೆ ಮರದ ಬಿರಡೆ ಜಡಿದು, ಮೈಯ ಜಿಡ್ಡನ್ನು ಸುಣ್ಣದಿಂದ ತಿಕ್ಕಿದರು. “ಬೆರಳು ತಾಗಿಸ್ಬೇಡಿ ಸಾರ್, ನಿಮ್ಮ ಬೆರಳಚ್ಚೇ ಕೂತ್ಬಿಡ್ತದೆ.” ಆಮೇಲೆ ಮೈಲುತುತ್ತ ಬೆರೆಸಿದ ಒಂದು ದ್ರಾವಣವನ್ನು ಬಟ್ಟೆಯಿಂದ ತೆಳ್ಳಗೆ ಸವರಿದರು. ಕೊಡಗಿನವರು ಮೆಣಸಿನ ಬಳ್ಳಿಗೆ ಸಿಂಪಡಿಸುವ ಅದೇ ಮೈಲುತುತ್ತ! ಸವರಿ ಗೋಡೆಗೆ ಒರಗಿಸಿಟ್ಟರು. ಏಕೆಂದು ಕೇಳಿದರೆ, ತುಕ್ಕು ಹಿಡಿಯಲಿ ಎಂದು.

ತುಕ್ಕು ತೆಗೆಸಲು ಬಂದ ನನಗೆ ದಿಗಿಲಾಯಿತು. ಬೇರೆ ಕಡೆ ಇದಕ್ಕೆಂದೇ ಪೆಟ್ಟಿಗೆ ಮಾಡಿ, ಒದ್ದೆ ಬಟ್ಟೆ ತೂಗಿಹಾಕಿ ತೇವ ತುಂಬಿಸಬೇಕು. ಇಲ್ಲಿ ಕಕ್ಕಡವೇ ಪೆಟ್ಟಿಗೆ. ಮರುದಿನ ನಳಿಗೆಯ ಮೇಲೆಲ್ಲ ಕುಂಕುಮದಂಥ ನುಣ್ಣನೆಯ ಕೆಂಪು. ಸೂರಿನಿಂದ ಹಿಡಿದ ಮಳೆನೀರು ಉದ್ದನೆಯ ತಗಡಿನ ತೊಟ್ಟಿಯಲ್ಲಿ ಕುದಿಯುತ್ತಿತ್ತು. ನಳಿಗೆ ಅದರಲ್ಲಿ ಮುಳುಗಿತು. ನಾನು ನೋಡನೋಡುತ್ತಿದ್ದಂತೆ ಕೆಂಪು ಕಂದಾಯಿತು, ಕಂದು ಕಪ್ಪಾಯಿತು. ಕುದಿಯುವ ನೀರಲ್ಲಿ ಕೆಂಪು ತುಕ್ಕು ಸೂಜಿಗಲ್ಲಿನಲ್ಲಿರುವ ಕಪ್ಪು ಆಕ್ಸೈಡೇ ಆಗಿಬಿಡುತ್ತದೆ. ಅದು ಲೋಹಕ್ಕೆ ಅಂಟಿ ನಿಂತು, ಹೊಸ ತುಕ್ಕನ್ನು ತಡೆಯುತ್ತದೆ. ಸಡಿಲವಾದ ಕರಿಯನ್ನು ಉಜ್ಜಿ, ಮತ್ತೆ ಸವರಿ, ಮತ್ತೆ ತುಕ್ಕು, ಮತ್ತೆ ಕುದಿ. ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಒಂದೇ ಸಲಕ್ಕೆ ಕಪ್ಪು ಮಾಡುವ ವಿಧಾನವೂ ಇದೆ. ಆದರೆ ಜೋಡುನಳಿಗೆಗೆ ಅದು ವಿಷ, ಬೆಸುಗೆಯನ್ನೇ ತಿನ್ನುತ್ತದೆ.

ಮೂರನೆಯ ಕುದಿಯ ನಂತರ ಕಂಡದ್ದನ್ನು ನಾನು ಮರೆಯಲಾರೆ. ಬೋಳು ಕಬ್ಬಿಣವೆಂದುಕೊಂಡಿದ್ದ ಮೈಮೇಲೆ ಸಣ್ಣ ಸಣ್ಣ ಸುರುಳಿಗಳು ಎದ್ದುಬಂದವು, ಒಂದರ ಪಕ್ಕ ಒಂದು, ಬುಡದಿಂದ ತುದಿಯವರೆಗೆ. ಡಮಾಸ್ಕಸ್ ನಳಿಗೆ! ಕಬ್ಬಿಣದ ಎಳೆಯನ್ನೂ ಉಕ್ಕಿನ ಎಳೆಯನ್ನೂ ಹುರಿಯಾಗಿ ಹೊಸೆದು, ಆ ಹುರಿಗಳನ್ನು ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಮಾಡಿದ ಕೊಳವೆ. ಕಬ್ಬಿಣ ಒಂದು ಬಣ್ಣ ಹಿಡಿದರೆ ಉಕ್ಕು ಇನ್ನೊಂದು. ಯಾವುದೋ ಕಮ್ಮಾರ ನೂರು ವರ್ಷಕ್ಕೂ ಹಿಂದೆ ಹೊಸೆದ ಹುರಿಯನ್ನು ಕೊಡಗಿನ ಮಳೆ ಬಿಡಿಸಿ ತೋರಿಸುತ್ತಿತ್ತು. ನನ್ನ ಗೆಳೆಯ ಹುಟ್ಟಿದಂದಿನಿಂದ ಆ ಕೋವಿಯನ್ನು ಕಂಡವನು. ಅವನೂ ಆ ಸುರುಳಿಗಳನ್ನು ನೋಡಿದ್ದು ಅದೇ ಮೊದಲು.

ಕೊನೆಯ ದಿನ ಮೇಸ್ತ್ರಿಗಳು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಲು ಹೇಳಿದರು. ತೋಟಾ ಕೂರುವ ಜಾಗದ ಮುಂದೆ ಸಿಡುಬಿನ ಕಲೆಯಂಥ ಕುಳಿಗಳು. “ಬಣ್ಣ ತರಬಹುದು. ಸವೆದ ಕಬ್ಬಿಣ ಎಲ್ಲಿಂದ ತರೋದು? ಇನ್ನು ಇದಕ್ಕೆ ತೋಟಾ ಹಾಕ್ಬೇಡಿ.” ಗೆಳೆಯ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಎಣ್ಣೆ ಬಟ್ಟೆ ಇಸಿದುಕೊಂಡು ತಾನೇ ಒರೆಸತೊಡಗಿದ.

ಕೈಲ್ ಪೊಳ್ದ್‌ಗೆ ನಾನು ಮತ್ತೆ ಹೋದೆ. ತೆಂಗಿನಕಾಯಿಗೆ ಗುರಿಯಿಡಲು ಬೇರೆ ಕೋವಿಗಳು ಅಂಗಳಕ್ಕಿಳಿದಿದ್ದವು. ಇದು ಮಾತ್ರ ಒಳಗೆ ದೀಪದ ಮುಂದೆ ಗಂಧ ಹಚ್ಚಿಸಿಕೊಂಡು ನಿಂತಿತ್ತು, ಎರಡೂ ನಳಿಗೆಯ ಬಾಯಲ್ಲಿ ಒಂದೊಂದು ಕೆಂಪು ಹಳದಿ ತೋಕ್‌ಪೂ.