ಹೊಸ ನೀರು

ಮಕ್ತಲ್ ಕಡೆಯ ಕನ್ನಡ ಶಾಲೆಯೊಂದರ ಉಪಾಧ್ಯಾಯನಿಗೆ ಷೇರುಪೇಟೆಯ ಗೊಡವೆ ಏಕೆಂದು ಓದುಗರು ನಗಬಹುದು, ನಕ್ಕರೂ ಸರಿಯೆ. 2024ರ ಜೂನ್ 1ರ ಸಂಜೆ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದವು. ಬೇಸಿಗೆಯ ರಜೆ. 3ರ ಸೋಮವಾರ, ಪೇಟೆ ತೆರೆಯುವ 9.15ಕ್ಕೇ, ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನೆಲ್ಲ ಸಿಕ್ಕ ಬೆಲೆಗೆ ತೊಡಗಿಸಿದೆ. ಅಂದು ಸೆನ್ಸೆಕ್ಸ್ 2,507 ಅಂಶ ಏರಿತು. ಮತ ಎಣಿಕೆಯಾದ ಮರುದಿನ 4,389 ಅಂಶ ಕುಸಿಯಿತು. ಹೆದರಿ ಮಧ್ಯಾಹ್ನವೇ ಮಾರಿದೆ. 5ರಂದು ಅದು 2,303 ಅಂಶ ಮೇಲೆದ್ದಿತು! ಮನೆಯಾಕೆಗೆ ಹೇಳಲು ಒಂದು ವಾರ ಬೇಕಾಯಿತು.

ಆ ಮಳೆಗಾಲದಲ್ಲಿ ಕೃಷ್ಣೆಗೆ ಹೊಸ ನೀರು ಬಂದಿತು. ಜೂರಾಲ ಅಣೆಕಟ್ಟಿನ ಕೆಳಗೆ ಬಲೆ ಮಡಚಿಟ್ಟು ಕುಳಿತಿದ್ದ ಮುದುಕನೊಬ್ಬನನ್ನು, ಏಕೆ ಸುಮ್ಮನಿರುವೆಯೆಂದು ಕೇಳಿದೆ.

“ಗೇಟು ತೆಗೆದ ಕೂಡ್ಲೆ ಬಲಿ ಒಗದ್ರ ಬಲೀನೂ ಹೋಗ್ತದ್ರೀ, ಮಾಸ್ತರ್ರ” ಎಂದನು.

ರಾತ್ರಿಯೆಲ್ಲ ಕೂಡಿದ ಸುದ್ದಿಯ ಆತುರವೂ ಪೇಟೆಯ ಮೊದಲ ಗಳಿಗೆಯಲ್ಲಿ ಹಾಗೆಯೇ ನುಗ್ಗುವುದು. ಈಗ ರಜೆಯಲ್ಲಿ ಪೇಟೆ ನೋಡಿದರೂ 9.30ರವರೆಗೆ ಏರಿಳಿತದ ಮೇರೆಗಳನ್ನಷ್ಟೆ ಬರೆದುಕೊಳ್ಳುತ್ತೇನೆ; ಆಮೇಲೂ ಕೊಳ್ಳುವ ಬೆಲೆಯನ್ನು ನಾನೇ ಗೊತ್ತುಮಾಡಿ ಕಾಯುತ್ತೇನೆ. ಆದರೆ ನಿಜ ಹೇಳಬೇಕು: ಆ ಸೋಮವಾರ ಕಾಲು ಗಂಟೆ ಕಾದಿದ್ದರೂ ನಷ್ಟ ತಪ್ಪುತ್ತಿರಲಿಲ್ಲ. ಇನ್ನೂ ಎಣಿಸದ ಮತಗಳಿಗೆ ನಾನು ಹಣ ತೆತ್ತಿದ್ದೆ. ಕಾಯಬೇಕಾಗಿದ್ದುದು ಒಂದು ದಿನ.

ಶುಲ್ಕವನ್ನು ಸಾಲ ತಂದು ಕಟ್ಟಿದೆ. ಮುಂದಿನ ವರ್ಷದ್ದು ಅಂಚೆ ಕಚೇರಿಯಲ್ಲಿದೆ. ಪಾಸ್‌ಪುಸ್ತಕ ಮನೆಯಾಕೆಯ ಬಳಿಯಿದೆ.