ಹೋಗುವ ಬಾಗಿಲು, ಬರುವ ಬಾಗಿಲು

ಮಂಗಳೂರು ಪೇಟೆಯಿಂದ ಸುಮಾರು 13 ಕಿಲೋಮೀಟರ್ ದೂರದ ಗುಡ್ಡದ ಮೇಲೆ ನಮ್ಮ ವಿಮಾನ ನಿಲ್ದಾಣವಿದೆ. ಹೆಸರು ಏನೇ ಇರಲಿ, ಜನರ ಬಾಯಲ್ಲಿ ಅದು ಇಂದಿಗೂ 'ಬಜ್ಪೆ'ಯೇ. 1951ರಲ್ಲಿ ಆರಂಭವಾದ ಈ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಹೊರಟದ್ದು 2006ರಲ್ಲಿ. ಅದಕ್ಕೆ ಮೊದಲು ಕರಾವಳಿಯ ಎಷ್ಟೋ ಮಂದಿ ಬಸ್ಸು ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ಗಲ್ಫ್ ಸೇರುತ್ತಿದ್ದರು. ಗಂಡನನ್ನೋ ಮಗನನ್ನೋ ಬೀಳ್ಕೊಡಲು ನೀವೂ ಈ ಗುಡ್ಡ ಹತ್ತಿರಬಹುದು.

ಗಾಜಿನ ಬಾಗಿಲು ದಾಟಿ ಒಳಗೆ ಹೋದವರು ಲಗ್ಗೇಜು ಕೊಟ್ಟು, 'ಇಮಿಗ್ರೇಷನ್' ಎಂಬ ಫಲಕದ ಕೆಳಗೆ ಸಾಲು ನಿಲ್ಲುತ್ತಾರೆ. ಅವರ ಕೈಯಲ್ಲಿರುವ ಪಾಸ್‌ಪೋರ್ಟಿಗೆ ಸಂಬಂಧಿಸಿ ಇನ್ನೊಂದು ಪದವಿದೆ: 'ಎಮಿಗ್ರೇಷನ್'. ಕೇಳಲು ಎರಡೂ ಒಂದೇ. ಆದರೆ ಅರ್ಥ ತದ್ವಿರುದ್ಧ. ನೆಲೆಸಲು ಸ್ವಂತ ದೇಶ ಬಿಟ್ಟು ಹೊರಡುವುದು ಎಮಿಗ್ರೇಷನ್. ಇನ್ನೊಂದು ದೇಶದೊಳಗೆ ಬಂದು ನೆಲೆಸುವುದು ಇಮಿಗ್ರೇಷನ್. ಎರಡರ ಮೂಲವೂ ಲ್ಯಾಟಿನ್. ಮುಂದಿರುವ 'ಇ'ಗೆ 'ಹೊರಗೆ' ಎಂದೂ, 'ಇಮ್'ಗೆ 'ಒಳಗೆ' ಎಂದೂ ಅರ್ಥ. ಕನ್ನಡದಲ್ಲಿ ನಾವು ವಲಸೆ ಹೋಗುವುದು, ವಲಸೆ ಬರುವುದು ಎನ್ನುತ್ತೇವಲ್ಲ, ಹಾಗೆ.

ಇದು ಬರೀ ವ್ಯಾಕರಣದ ಮಾತಲ್ಲ ಸಹೋದರಿಯರೇ. ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋದವರು ಅಲ್ಲಿ ಕಾಯಂ ವಾಸದ ಹಕ್ಕು ಪಡೆದು, ಮುಂದೆ ಪೌರರೂ ಆಗಬಹುದು. ಹೊರಟವರು ಅಲ್ಲಿ ನಿಜವಾಗಿಯೂ 'ಬಂದವರು' ಆಗುತ್ತಾರೆ. ಗಲ್ಫ್‌ನಲ್ಲಿ ದುಡಿಯುವ ಸಾಮಾನ್ಯ ಕೆಲಸಗಾರನ ಕಥೆ ಬೇರೆ. ಅವನ ವಾಸ ಕೆಲಸಕ್ಕೆ ಅಂಟಿಕೊಂಡಿದೆ. ಸೌದಿಯ 'ಇಕಾಮ'ವೂ ಅಂಥದ್ದೇ. ಮೂವತ್ತು ವರ್ಷ ದುಡಿದರೂ, ಕೆಲಸ ಮುಗಿದ ಮೇಲೆ ಊರಿಗೆ ಮರಳಲೇಬೇಕು. ಅಂದರೆ ಅವನು ಇಲ್ಲಿಂದ ಹೋದವನು ಹೌದು, ಅಲ್ಲಿಗೆ ಬಂದು ನೆಲೆಸಿದವನಲ್ಲ.

ಆದ್ದರಿಂದಲೇ ಹೊರಡುವ ಬಾಗಿಲಲ್ಲಿ ಸಿಗುವ ರಕ್ಷಣೆಯನ್ನು ಕೈಬಿಡಬಾರದು. ಪಾಸ್‌ಪೋರ್ಟಿನ ಕೊನೆಯ ಪುಟ ತೆರೆದು ನೋಡಿ. ಅಲ್ಲಿ 'ಇಸಿಆರ್' ಎಂದು ಮುದ್ರಿಸಿದ್ದರೆ, ಗಲ್ಫ್‌ನ ಆರು ದೇಶಗಳೂ ಸೇರಿದಂತೆ ಕೆಲವು ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಬೇಕು. 1983ರ ಎಮಿಗ್ರೇಷನ್ ಕಾಯ್ದೆಯ ನಿಯಮವಿದು. ಸಾಮಾನ್ಯವಾಗಿ ಹತ್ತನೇ ತರಗತಿ ಪಾಸಾಗದವರಿಗೆ ಈ ಮುದ್ರೆ ಬೀಳುತ್ತದೆ. ಉಮ್ರಾಕ್ಕೋ ಬಂಧುಗಳನ್ನು ನೋಡಲೋ ಹೋಗುವವರಿಗೆ ಈ ಅನುಮತಿ ಬೇಡ.

ಕೆಲವು ಏಜೆಂಟರು ಹಿಡಿಯುವ ಅಡ್ಡದಾರಿ ಇಲ್ಲೇ ಇದೆ. "ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ" ಎನ್ನುತ್ತಾರೆ. ಹಾಗೆ ಹೋದವನ ಸಂಬಳದ ಕರಾರನ್ನು ಇಲ್ಲಿ ಯಾರೂ ಪರಿಶೀಲಿಸಿರುವುದಿಲ್ಲ. ಅನುಮತಿಯೊಂದಿಗೆ ಕಡ್ಡಾಯವಾಗಿ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಅವನ ಹೆಸರಲ್ಲಿ ಇರುವುದಿಲ್ಲ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಕೊಡುವ ವಿಮೆ ಅದು. ಕೆಲವು ನೂರು ರೂಪಾಯಿಗಳಷ್ಟೇ ಅದರ ಕಂತು. ಆಪತ್ತು ಬಂದಾಗ ಆ ಕಾಗದ ಇಲ್ಲದ ನಷ್ಟ ಮನೆಯಲ್ಲಿರುವ ಹೆಂಗಸರು, ಮಕ್ಕಳ ಪಾಲಿಗೆ ಬೀಳುತ್ತದೆ.

ಟಿಕೆಟ್ ಮಾಡಿಸುವ ಮೊದಲೇ ಕೇಳಿ. ವೀಸಾ ಕೆಲಸದ್ದೋ, ವಿಸಿಟ್‌ನದ್ದೋ? ಏಜೆಂಟರು ಸರಕಾರದಲ್ಲಿ ನೋಂದಾಯಿತರೋ? ಕರಾರಿನಲ್ಲಿ ಸಂಬಳ ಎಷ್ಟೆಂದು ಬರೆದಿದೆ? ಇವೆಲ್ಲದರ ಒಂದೊಂದು ಪ್ರತಿ ನಿಮ್ಮ ಕಪಾಟಿನಲ್ಲೂ ಇರಲಿ.

ನಮ್ಮ ಮನೆಗಳಲ್ಲಿ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಆ ಮಾತು ಕ್ಷೇಮವಾಗಿ ನೆರವೇರಬೇಕಾದರೆ, ಹೋಗುವ ದಾರಿಯ ಕಾಗದಪತ್ರವನ್ನು ಮನೆಯವರೆಲ್ಲರೂ ಒಮ್ಮೆ ಕೂತು ಓದುವುದು ಒಳ್ಳೆಯದು.